ಯುಎಸ್‌ಬಿ ಲ್ಯಾನ್ ಅಡಾಪ್ಟರ್‌ನಿಂದ ಸರ್ವರ್ ಓಎಸ್ ಹಾಕೋಕೆ ಹೋದರೆ ಅರ್ಧಕ್ಕೇ ನಿಲ್ಲುತ್ತಿದೆ

ಬೆಣ್ಣೆದೋಸೆ_ಅಡ್ಮಿನ್:
ನಮಸ್ಕಾರ. ಆಫೀಸಿನವರು ಬೇಡ ಅಂತ ತೆಗೆದ ಆರು ತೆಳು ಲ್ಯಾಪ್‌ಟಾಪ್ ಕಡಿಮೆ ದುಡ್ಡಿಗೆ ಸಿಕ್ಕವು. ಎಲ್ಲದರಲ್ಲೂ 4 ಜಿಬಿ ರ್ಯಾಮ್, ಒಂದರಲ್ಲೂ ಲ್ಯಾನ್ ಪೋರ್ಟ್ ಇಲ್ಲ. ಮನೆಯಲ್ಲಿ ಪುಟ್ಟ ಕ್ಲಸ್ಟರ್ (ಒಟ್ಟಿಗೆ ಕೆಲಸ ಮಾಡುವ ಮೆಷಿನ್‌ಗಳ ಗುಂಪು) ಕಟ್ಟೋಣ ಅಂತ ಉಬುಂಟು ಸರ್ವರ್ 24.04 ಅನ್ನು ನೆಟ್‌ವರ್ಕ್ ಮೂಲಕವೇ ಹಾಕಲು ಹೊರಟಿದ್ದೇನೆ. ಐಪಿ ಕೊಡೋದು ಮನೆ ರೌಟರ್. ಬೂಟ್ ಫೈಲ್ ಎಲ್ಲಿದೆ ಅಂತ ಹೇಳೋದಕ್ಕೆ ಮಾತ್ರ ನನ್ನ ಡೆಸ್ಕ್‌ಟಾಪ್‌ನಲ್ಲಿ ಡಿಎನ್‌ಎಸ್‌ಮಾಸ್ಕ್ ಅನ್ನೋ ಪ್ರೋಗ್ರಾಂ ಪ್ರಾಕ್ಸಿ ಮೋಡ್‌ನಲ್ಲಿ ಓಡುತ್ತಿದೆ.

ನನ್ನ ಹತ್ತಿರ ಎರಡು ಅಡಾಪ್ಟರ್ ಇವೆ. ಒಂದು ಬ್ರ್ಯಾಂಡ್ ಹೆಸರೇ ಇಲ್ಲದ 100 ಎಂಬಿಪಿಎಸ್‌ನದು. ಅದನ್ನು ಚುಚ್ಚಿದರೆ ಬೂಟ್ ಮೆನುವಿನಲ್ಲಿ ನೆಟ್‌ವರ್ಕ್ ಅನ್ನೋ ಸಾಲೇ ಬರೋಲ್ಲ, ಆದರೆ ವಿಂಡೋಸ್‌ನಲ್ಲಿ ಆರಾಮಾಗಿ ಓಡುತ್ತೆ. ಇನ್ನೊಂದು ರಿಯಲ್‌ಟೆಕ್ 8153 ಚಿಪ್‌ನದು. ಇದರಲ್ಲಿ ‘ಸ್ಟಾರ್ಟ್ ಪಿಎಕ್ಸ್‌ಇ ಓವರ್ ಐಪಿವಿ4’ ಅಂತ ಬರುತ್ತೆ (ಪಿಎಕ್ಸ್‌ಇ ಅಂದರೆ ನೆಟ್‌ವರ್ಕ್‌ನಿಂದಲೇ ಬೂಟ್ ಆಗುವ ವಿಧಾನ), ಗ್ರಬ್ ಅನ್ನೋ ಬೂಟ್‌ಲೋಡರ್‌ನ ಮೆನು ಬರುತ್ತೆ, ಓಎಸ್‌ನ ತಿರುಳಾದ ಕರ್ನಲ್ ಇಳಿಯುತ್ತೆ, ಐಎಸ್‌ಒ (ಇನ್‌ಸ್ಟಾಲರ್‌ನ ಪೂರ್ತಿ ಇಮೇಜ್ ಫೈಲ್) ಡೌನ್‌ಲೋಡ್ ಕೂಡ ಶುರುವಾಗುತ್ತೆ, ಆಮೇಲೆ ನಡುವೆ ಎಲ್ಲೋ ಜಾಗ ಇಲ್ಲ ಅಂತ ಹೇಳಿ ಕಪ್ಪು ಪರದೆಯಲ್ಲಿ ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಶುರುವಿನಲ್ಲಿ ರ್ಯಾಮ್‌ಗೆ ಬರುವ ಪುಟ್ಟ ಸಿಸ್ಟಮ್) ಪ್ರಾಂಪ್ಟ್ ತೋರಿಸಿ ಕೂತುಬಿಡುತ್ತೆ. ಡಿಸ್ಕ್ 128 ಜಿಬಿ, ಪೂರ್ತಿ ಖಾಲಿ. ಯಾವ ಜಾಗ ಇಲ್ಲ ಅಂತಿದೆ ಇದು?

ಸುಮ್ನೆ_ಓದುಗ:
ಆರು ಮೆಷಿನ್‌ಗೆ ಇಷ್ಟೆಲ್ಲ ಯಾಕೆ ಮಾರಾಯ್ರೆ? ಒಂದು ಪೆನ್‌ಡ್ರೈವ್‌ಗೆ ಬರೆದು ಒಂದೊಂದಕ್ಕೇ ಚುಚ್ಚುತ್ತಾ ಹೋಗಿ, ಊಟದ ಹೊತ್ತಿಗೆ ಮುಗಿಯುತ್ತೆ.

ಬೆಣ್ಣೆದೋಸೆ_ಅಡ್ಮಿನ್:
ಗೊತ್ತು ಸರ್. ಪಿಎಕ್ಸ್‌ಇ ಕಲಿಯಬೇಕು ಅಂತಲೇ ಇದಕ್ಕೆ ಕೈ ಹಾಕಿದ್ದು.

ರ್ಯಾಕ್‌ಮೇಲಿನ_ಬೆಕ್ಕು:
ಜಾಗ ಇಲ್ಲ ಅಂತಿರೋದು ಡಿಸ್ಕ್‌ನಲ್ಲಲ್ಲ, ರ್ಯಾಮ್‌ನಲ್ಲಿ. ಉಬುಂಟುವಿನ ಲೈವ್ ಸರ್ವರ್ ಇನ್‌ಸ್ಟಾಲರ್ ನೆಟ್‌ವರ್ಕ್‌ನಿಂದ ಎದ್ದರೆ ಇಡೀ ಐಎಸ್‌ಒವನ್ನು ರ್ಯಾಮ್‌ಗೇ ಇಳಿಸಿಕೊಳ್ಳುತ್ತೆ. 24.04ರ ಐಎಸ್‌ಒ 2.5 ಜಿಬಿಗಿಂತ ಜಾಸ್ತಿ ಇದೆ. 4 ಜಿಬಿಯಲ್ಲಿ ಅದೂ ಹಿಡಿಸಬೇಕು, ಇನ್‌ಸ್ಟಾಲರೂ ಓಡಬೇಕು ಅಂದರೆ ಆಗೋಲ್ಲ. ರ್ಯಾಮ್ ಬೋರ್ಡಿಗೇ ಬೆಸುಗೆ ಹಾಕಿದ ಮಾಡೆಲ್ ಆಗಿದ್ದರೆ ಹೆಚ್ಚಿಸುವ ಮಾತೂ ಇಲ್ಲ. ಡೆಬಿಯನ್ 12 ಹಾಕಿ. ಅದರ ನೆಟ್‌ಬೂಟ್‌ನಲ್ಲಿ ಮೊದಲು ಬರೋದು ಕರ್ನಲ್ ಮತ್ತು ಒಂದು ಚಿಕ್ಕ ಇನಿಟ್‌ಆರ್‌ಡಿ (ಆ ಪುಟ್ಟ ಸಿಸ್ಟಮ್ ಇರುವ ಫೈಲ್) ಅಷ್ಟೇ, ಉಳಿದ ಪ್ಯಾಕೇಜ್‌ಗಳು ಬೇಕಾದ ಹಾಗೆ ಮಿರರ್‌ನಿಂದ (ಡೆಬಿಯನ್‌ನ ಪ್ಯಾಕೇಜ್ ಸರ್ವರ್) ಬಂದು ನೇರ ಡಿಸ್ಕ್‌ಗೆ ಹೋಗುತ್ತವೆ. ಫೈಲ್ ಮಾತ್ರ ಹೊಸದಾಗಿ ಇಳಿಸಿಕೊಳ್ಳಿ. ವರ್ಷದ ಹಿಂದೆ ಇಳಿಸಿಟ್ಟ ನೆಟ್‌ಬೂಟ್ ಬಳಸಿದರೆ ಕರ್ನಲ್ ಮಾಡ್ಯೂಲ್ ಸಿಗಲಿಲ್ಲ ಅಂತ ತಕರಾರು ತೆಗೆಯುತ್ತೆ, ನಾನು ಒಂದು ಸಂಜೆ ಇದಕ್ಕೇ ಹಾಳು ಮಾಡಿಕೊಂಡಿದ್ದೇನೆ.

ಇನ್ನು ಆ ಮೊದಲ ಅಡಾಪ್ಟರ್. ಒಂದೇ ಡಾಂಗಲ್ ಅನ್ನು ಮೂರು ಜನ ಬೇರೆ ಬೇರೆಯಾಗಿ ಗುರುತು ಹಿಡಿಯಬೇಕು. ಮೊದಲು ಲ್ಯಾಪ್‌ಟಾಪ್‌ನ ಯುಇಎಫ್‌ಐ (ಬೋರ್ಡಿನಲ್ಲೇ ಇದ್ದು ಬೂಟ್ ಶುರು ಮಾಡುವ ಸಾಫ್ಟ್‌ವೇರ್, ಇವತ್ತಿಗೂ ಬಯೋಸ್ ಅಂತ ಕರೆಯೋದು ಇದನ್ನೇ), ಆಮೇಲೆ ಇನ್‌ಸ್ಟಾಲರ್‌ನ ಕರ್ನಲ್, ಕೊನೆಗೆ ಡಿಸ್ಕ್‌ನಲ್ಲಿ ಕೂತ ಸಿಸ್ಟಮ್. ವಿಂಡೋಸ್‌ನಲ್ಲಿ ಓಡುತ್ತೆ ಅಂದರೆ ವಿಂಡೋಸ್ ಹತ್ತಿರ ಅದರ ಡ್ರೈವರ್ ಇದೆ ಅಂತ ಅಷ್ಟೇ. ಯುಇಎಫ್‌ಐ ಹತ್ತಿರ ಅದು ಇಲ್ಲದಿದ್ದರೆ ಮೆನುವಿನಲ್ಲಿ ಸಾಲು ಬರೋದಾದರೂ ಹೇಗೆ? ಬಯೋಸ್‌ನಲ್ಲಿ ನೆಟ್‌ವರ್ಕ್ ಸ್ಟ್ಯಾಕ್ ಆನ್ ಇದೆಯಾ, ಫಾಸ್ಟ್ ಬೂಟ್ ಆಫ್ ಇದೆಯಾ ಅಂತ ಒಮ್ಮೆ ನೋಡಿ. ನಡುವೆ ಹಬ್ ಇದ್ದರೆ ತೆಗೆದು ನೇರ ಪೋರ್ಟಿಗೇ ಚುಚ್ಚಿ. ಆದರೂ ಬರಲಿಲ್ಲ ಅಂದರೆ ಅದನ್ನು ಬಿಟ್ಟುಬಿಡಿ, 8153 ಒಂದೇ ಸಾಕು.

ಬೆಣ್ಣೆದೋಸೆ_ಅಡ್ಮಿನ್:
ಡೆಬಿಯನ್ ಹತ್ತಿತು ಸರ್! ಒಂದೇ ಡಾಂಗಲ್ ಹಿಡಿದುಕೊಂಡು ಆರಕ್ಕೂ ಹಾಕಿ ಮುಗಿಸಿದೆ. ಆ ಖುಷಿಯಲ್ಲಿ ಇನ್ನೂ ಐದು ಡಾಂಗಲ್ ತರಿಸಿ ಒಂದೊಂದಕ್ಕೆ ಚುಚ್ಚಿದರೆ, ಹಳೇ ಡಾಂಗಲ್ ಇರೋದು ಬಿಟ್ಟು ಉಳಿದ ಐದಕ್ಕೂ ನೆಟ್ ಇಲ್ಲ. ಲೈಟ್ ಮಾತ್ರ ಮಿಣಮಿಣ ಅಂತಿದೆ. ಮೂರನೆಯವನು ಗುರುತು ಹಿಡೀತಿಲ್ಲ ಅಂತ ಅರ್ಥನಾ?

ಕೇಬಲ್_ಕಾಕಾ:
ಗುರುತು ಹಿಡಿದಿದೆ ತಮ್ಮಾ, ಆದರೆ ಬೇರೆ ಹೆಸರಿನಿಂದ ಕರೀತಿದೆ. ಡೆಬಿಯನ್‌ನಲ್ಲಿ ಯುಎಸ್‌ಬಿ ಅಡಾಪ್ಟರ್‌ಗೆ ‘ಇಎನ್‌ಎಕ್ಸ್’ ಅಂತ ಶುರುವಾಗಿ ಅದರ ಮುಂದೆ ಆ ಡಾಂಗಲ್‌ನ ಮ್ಯಾಕ್ ವಿಳಾಸದ (ಪ್ರತಿ ಅಡಾಪ್ಟರ್‌ಗೂ ಬೇರೆಯಾಗಿರುವ ಗುರುತು) 12 ಅಕ್ಷರ ಸೇರಿದ ಹೆಸರು ಬರುತ್ತೆ. ಇನ್‌ಸ್ಟಾಲರ್ ಆ ಉದ್ದ ಹೆಸರನ್ನೇ ಇಟಿಸಿ ಕೆಳಗಿನ ನೆಟ್‌ವರ್ಕ್ ಇಂಟರ್‌ಫೇಸಸ್ ಫೈಲ್‌ನಲ್ಲಿ ಬರೆದಿಟ್ಟಿದೆ. ನೀನು ಒಂದೇ ಡಾಂಗಲ್‌ನಿಂದ ಆರಕ್ಕೂ ಹಾಕಿದ್ದರಿಂದ ಆರರಲ್ಲೂ ಅದೇ ಹೆಸರು ಕೂತಿದೆ. ಹೊಸ ಡಾಂಗಲ್ ಚುಚ್ಚಿದರೆ ಹೊಸ ಹೆಸರು, ಆ ಹೆಸರಿಗೆ ಫೈಲ್‌ನಲ್ಲಿ ಸಾಲೇ ಇಲ್ಲ.

ಲ್ಯಾಪ್‌ಟಾಪ್ ಪರದೆಯಲ್ಲೇ ಲಾಗಿನ್ ಆಗಿ ಆ ಹೆಸರು ಬದಲಿಸಿದರೆ ಇವತ್ತಿಗೆ ಸಾಕು. ನಾಳೆ ಡಾಂಗಲ್ ಕೆಟ್ಟು ಇನ್ನೊಂದು ತಂದರೆ ಮತ್ತೆ ಇದೇ ಗೋಳು. ಅದಕ್ಕೆ ಇಟಿಸಿ, ಸಿಸ್ಟಮ್‌ಡಿ, ನೆಟ್‌ವರ್ಕ್ ಫೋಲ್ಡರ್‌ನಲ್ಲಿ ಒಂದು ಲಿಂಕ್ ಫೈಲ್ ಬರಿ, ಡ್ರೈವರ್ ಆರ್8152 (8153 ಚಿಪ್‌ಗೂ ಇದೇ) ಆಗಿದ್ದರೆ ಹೆಸರು ‘ಲ್ಯಾನ್0’ ಅಂತ. ಇಂಟರ್‌ಫೇಸಸ್ ಫೈಲ್‌ನಲ್ಲೂ ಲ್ಯಾನ್0 ಅಂತಲೇ ಹಾಕು. ಆಮೇಲೆ ಇನಿಟ್‌ರಾಮ್‌ಎಫ್‌ಎಸ್ ಅಪ್‌ಡೇಟ್ ಮಾಡಿ ರೀಬೂಟ್ ಮಾಡು. ಒಂದು ಮೆಷಿನ್‌ಗೆ ಒಂದೇ ಡಾಂಗಲ್ ಇರೋವರೆಗೆ ಇದು ಸರಿಹೋಗುತ್ತೆ. ಮೊದಲು ಈಥ್‌ಟೂಲ್ ಕಮಾಂಡ್‌ನಲ್ಲಿ ಡ್ರೈವರ್ ಹೆಸರು ನೋಡಿಕೋ, ಡಬ್ಬದ ಮೇಲೆ ಬರೆದದ್ದನ್ನು ನಂಬಬೇಡ.

ಬೆಣ್ಣೆದೋಸೆ_ಅಡ್ಮಿನ್:
ಐದು ಎದ್ದವು ಕಾಕಾ! ಆರನೆಯದು ಮಾತ್ರ ಸುಮ್ಮನಿತ್ತು. ಈಥ್‌ಟೂಲ್ ನೋಡಿದರೆ ಆರ್8152 ಬದಲು ಬೇರೆ ಚಿಪ್‌ನ ಎಎಕ್ಸ್88179_178ಎ ಡ್ರೈವರ್ ತೋರಿಸ್ತು. ಐದೂ ಒಂದೇ ಥರದ ಡಬ್ಬದಲ್ಲಿ ಬಂದಿದ್ದವು. ಅದೊಂದಕ್ಕೆ ಬೇರೆ ಲಿಂಕ್ ಫೈಲ್ ಬರೀತಾ ಕೂತಿದ್ದೇನೆ.