ಇವಿ9: ಆರು ಜನ ಕೂರಬಹುದು, ಲಗೇಜು ಎಲ್ಲಿಡುವುದು?

ಅಡಿಕೆತೋಟ:
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿದ್ದೇವೆ, ಮನೆಯಲ್ಲಿ ಆರು ಜನ: ಅಪ್ಪ, ಅಮ್ಮ, ನಾವಿಬ್ಬರು, ಎರಡು ಮಕ್ಕಳು. ಎಂಟು ವರ್ಷದ ಇನೋವಾ ಇದೆ, ಅದಕ್ಕೇನೂ ಆಗಿಲ್ಲ, ನನಗೇ ಬೇಜಾರು ಬಂದಿದೆ ಅಷ್ಟೇ. ಆಫೀಸಿನವರು ಕೊಟ್ಟ ಷೇರು ಮಾರಿ ಸ್ವಲ್ಪ ದುಡ್ಡು ಕೈಗೆ ಬಂದಿದೆ. ಕಿಯಾ ಕಂಪನಿಯ ಎಲೆಕ್ಟ್ರಿಕ್ ಕಾರು (ಇವಿ) ಇವಿ9 ಮೇಲೆ ಕಣ್ಣು. 2024ರ ಅಕ್ಟೋಬರಿನಲ್ಲಿ ಬಂದಾಗಲೇ ಎಕ್ಸ್ ಶೋರೂಮ್ 1.30 ಕೋಟಿ ಇತ್ತು. ಹುಚ್ಚು ಅಂತ ಹೆಂಡತಿ ಆಗಲೇ ಹೇಳಿದ್ದಾಳೆ, ನೀವು ಮತ್ತೆ ಹೇಳಬೇಡಿ.

ತಿಂಗಳಿಗೊಮ್ಮೆ ಶಿರಸಿ ಹತ್ತಿರ ಊರಿಗೆ ಹೋಗುತ್ತೇವೆ, ಒಂದು ಕಡೆಗೆ ಸುಮಾರು 410 ಕಿ.ಮೀ. ಕಂಪನಿಯವರು ಒಮ್ಮೆ ಪೂರ್ತಿ ಚಾರ್ಜ್ ಮಾಡಿದರೆ 561 ಕಿ.ಮೀ. ರೇಂಜ್ ಅನ್ನುತ್ತಾರೆ. ನಿಲ್ಲಿಸದೇ ಹೋಗಬಹುದಾ? ಅಪ್ಪನಿಗೆ ಮಂಡಿ ನೋವು, ಹತ್ತಿ ಇಳಿಯುವುದು ಹೇಗೆ? ಅದೂ ಹೇಳಿ.

ಲೆಕ್ಕದ_ಮೇಷ್ಟ್ರು:
561 ಅನ್ನುವುದು ಟೆಸ್ಟ್ ಲ್ಯಾಬಿನ ಸಂಖ್ಯೆ, ಅದನ್ನು ಮರೆತುಬಿಡಿ. ಬ್ಯಾಟರಿ 99.8 ಕಿಲೋವ್ಯಾಟ್ ಅವರ್, ನಮ್ಮ ಕರೆಂಟ್ ಬಿಲ್ಲಿನ ಭಾಷೆಯಲ್ಲಿ ಹತ್ತಿರ ಹತ್ತಿರ 100 ಯೂನಿಟ್. ಇಷ್ಟು ದೊಡ್ಡ ಗಾಡಿ, ಆರು ಜನ, ಎಸಿ, ತುಮಕೂರು ದಾಟಿದ ಮೇಲೆ 100ರ ವೇಗ ಅಂದರೆ ಯೂನಿಟ್ಟಿಗೆ 4 ಕಿ.ಮೀ. ಬಂದರೆ ನಾನು ಖುಷಿ ಪಡುತ್ತೇನೆ. ಅಲ್ಲಿಗೆ 400. ಊರಿನ ಗೇಟಿಗೆ 10 ಕಿ.ಮೀ. ಇರುವಾಗ ಗಾಡಿ ನಿಂತರೆ ಅಪ್ಪ ಏನು ಹೇಳುತ್ತಾರೆ ಅಂತ ನಿಮಗೇ ಗೊತ್ತು! ದಾವಣಗೆರೆಯಲ್ಲಿ ಹೇಗೂ ಬೆಣ್ಣೆ ದೋಸೆಗೆ ನಿಲ್ಲುತ್ತೀರಿ, ಅಲ್ಲೇ ಚಾರ್ಜಿಗೆ ಹಾಕಿ.

ಇನ್ನು ‘24 ನಿಮಿಷದಲ್ಲಿ 10ರಿಂದ 80 ಪರ್ಸೆಂಟ್’ ಅನ್ನುವುದು 350 ಕಿಲೋವ್ಯಾಟ್ ಚಾರ್ಜರಿನ ಮಾತು. ಗಾಡಿಯದು 800 ವೋಲ್ಟಿನ ವ್ಯವಸ್ಥೆ, ಅದಕ್ಕೆ ಆ ತಾಕತ್ತು ನಿಜವಾಗಿಯೂ ಇದೆ. ಆದರೆ ದಾರಿಯಲ್ಲಿ ಜಾಸ್ತಿ ಸಿಗುವುದು 60 ಕಿಲೋವ್ಯಾಟಿನದು. 70 ಯೂನಿಟ್ ತುಂಬಲು ಒಂದು ಗಂಟೆಗೂ ಮೇಲೆ ಬೇಕು, ಅದೂ ಅದೇ ಚಾರ್ಜರಿನ ಇನ್ನೊಂದು ಗನ್ನಿಗೆ (ಗಾಡಿಗೆ ಚುಚ್ಚುವ ಪ್ಲಗ್) ಇನ್ನೊಬ್ಬರು ಬಂದು ಪವರ್ ಹಂಚಿಕೊಳ್ಳದಿದ್ದರೆ.

ಊರಿನ ಮನೆಯ ಬಗ್ಗೆ ಯೋಚಿಸಿದ್ದೀರಾ? 16 ಆಂಪಿಯರ್ ಸಾಕೆಟ್ಟಿನಲ್ಲಿ ಗಂಟೆಗೆ 3 ಯೂನಿಟ್ ಅಂದುಕೊಳ್ಳಿ, ರಾತ್ರಿ ಹತ್ತು ಗಂಟೆ ಹಾಕಿದರೆ 120 ಕಿ.ಮೀ. ಓಡಾಟಕ್ಕಾಯಿತು. ಅರ್ಥಿಂಗ್ ಸರಿಯಿಲ್ಲದಿದ್ದರೆ ಗಾಡಿ ಚಾರ್ಜನ್ನೇ ತೆಗೆದುಕೊಳ್ಳದಿರಬಹುದು. ಗಾಡಿ ಬುಕ್ ಮಾಡುವ ಮೊದಲು ಎಲೆಕ್ಟ್ರಿಷಿಯನ್ನನ್ನು ಕರೆಸಿ. ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟಿನ ಕಥೆ ನಾನು ಹೇಳಬೇಕಾ?

ಮತ್ತೆ ಟ್ಯಾಕ್ಸ್. ಇವಿಗೆ ರೋಡ್ ಟ್ಯಾಕ್ಸ್ ಇಲ್ಲ ಅಂತ ಯಾರಾದರೂ ಹೇಳಿದ್ದರೆ ಅದು ಹಳೇ ಮಾತು. 2024ರಲ್ಲಿ ಕರ್ನಾಟಕ 25 ಲಕ್ಷ ಮೀರಿದ ಇವಿ ಕಾರುಗಳಿಗೆ 10 ಪರ್ಸೆಂಟ್ ಹಾಕಿತು. 1.30 ಕೋಟಿಗೆ ಸುಮಾರು 13 ಲಕ್ಷ. ಆ ದುಡ್ಡಿಗೆ ಇನ್ನೊಂದು ಕಾರೇ ಬರುತ್ತದೆ.

ನ್ಯೂಜೆರ್ಸಿ_ಶೆಟ್ಟಿ:
ಇಲ್ಲಿ ಒಂದು ವರ್ಷದಿಂದ ಓಡಿಸುತ್ತಿದ್ದೇನೆ. ಇಲ್ಲಿ ಬೇಸಿಕ್ ಮಾಡೆಲ್ 54,900 ಡಾಲರಿಗೆ ಶುರುವಾಗಿತ್ತು, ಅಮೆರಿಕದ ಜಾರ್ಜಿಯಾ ರಾಜ್ಯದಲ್ಲೇ ತಯಾರಾಗುತ್ತದೆ. ನಿಮ್ಮದು ಪೂರ್ತಿ ಆಮದು, ಸುಂಕ ಕೊಟ್ಟೇ ಆ ಬೆಲೆ. ಅದು ಬಿಡಿ, ಗಾಡಿ ಚೆನ್ನಾಗಿದೆ. ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) 3.1 ಮೀಟರ್ ಇರುವುದರಿಂದ ಮೂರನೇ ಸಾಲಿನಲ್ಲೂ ದೊಡ್ಡವರು ಕೂರಬಹುದು, ನನ್ನ ಭಾವ ಆರಡಿ ಇದ್ದಾನೆ, ಎರಡು ಗಂಟೆ ಕೂತು ಬಂದ, ಗೊಣಗಲಿಲ್ಲ. (ಅವನು ಗೊಣಗದೇ ಇದ್ದದ್ದೇ ದೊಡ್ಡ ಸರ್ಟಿಫಿಕೇಟು.) ನಿಮಗೆ ಬರುವ ಮಾಡೆಲ್ ಜಿಟಿ-ಲೈನ್‌ನಲ್ಲಿ ಎರಡನೇ ಸಾಲಿಗೆ ಕಾಲು ಚಾಚುವ, ಮಸಾಜ್ ಮಾಡುವ ಸೀಟು ಇದೆ. ಅಪ್ಪ ಅಮ್ಮನಿಗೆ ಅದೇ ಜಾಗ.

ಹತ್ತುವುದು ಮಾತ್ರ ನೋಡಿಕೊಳ್ಳಿ. ಬ್ಯಾಟರಿ ಕಾಲಡಿಯಲ್ಲಿರುವುದರಿಂದ ನೆಲ ಎತ್ತರ. ನಮ್ಮಮ್ಮ ಬಂದಾಗ ಬಾಗಿಲ ಹಿಡಿ ಹಿಡಿದು ‘ಒಂದು ಮಣೆ ಇಡೋ’ ಅಂದಿದ್ದರು.

ಮೂರನೇ_ಸಾಲು:
ಯಾರೂ ಡಿಕ್ಕಿ ಬಗ್ಗೆ ಮಾತಾಡಲಿಲ್ಲ, ಅಲ್ವಾ? ಮೂರೂ ಸಾಲು ಎತ್ತಿದ್ದರೆ ಹಿಂದೆ ಉಳಿಯುವುದು 333 ಲೀಟರ್. ಮುಂದಿನ ಬಾನೆಟ್ ಕೆಳಗೆ 52, ಅದು ಚಾರ್ಜಿಂಗ್ ಕೇಬಲ್ಲಿಗೇ ಸರಿ. ಆರು ಜನರ ಬಟ್ಟೆ, ಅಮ್ಮನ ಚೀಲ, ಬರುವಾಗ ತೆಂಗಿನಕಾಯಿ, ಹಲಸಿನಹಣ್ಣು, ಅಪ್ಪೆಮಿಡಿ ಡಬ್ಬ. ಎಲ್ಲಿ ಇಡುತ್ತೀರಿ? ಮೇಲೆ ಕ್ಯಾರಿಯರ್ ಹಾಕಿದರೆ ಗಾಳಿಗೆ ರೇಂಜ್ ಇನ್ನಷ್ಟು ಇಳಿಯುತ್ತದೆ.

ಇನ್ನೊಂದು, ಗಾಡಿ 5015 ಮಿ.ಮೀ. ಉದ್ದ, 1980 ಅಗಲ. ಅಪಾರ್ಟ್‌ಮೆಂಟಿನ ಸ್ಲಾಟ್ ಅಳೆದಿದ್ದೀರಾ?

ನನ್ನದು ಬೇರೆ ಕಂಪನಿಯ ಲಕ್ಸುರಿ ಇವಿ, ಹೆಸರು ಬೇಡ. ಓಡಿಸುವಾಗ ಸ್ವರ್ಗ. ಲಾರಿಯಿಂದ ಕಲ್ಲು ಹಾರಿ ಮುಂದಿನ ಗ್ಲಾಸ್ ಒಡೆಯಿತು ನೋಡಿ, ಏಳು ವಾರ! ಹೊರಗಿಂದ ಬರಬೇಕು ಅಂದರು. ಅಷ್ಟೂ ದಿನ ಮಾವನ ಹಳೇ ಆಲ್ಟೋದಲ್ಲಿ ಓಡಾಡಿದೆ. ಆಮದು ಗಾಡಿ ಅಂದಮೇಲೆ ಇದನ್ನು ಮೊದಲೇ ಕೇಳಿಕೊಳ್ಳಿ: ಯಾವ ಪಾರ್ಟ್ ಇಲ್ಲೇ ಸ್ಟಾಕ್ ಇದೆ, ಯಾವುದು ಇಲ್ಲ. ಬರೆದು ಕೊಡಿ ಅನ್ನಿ.

ಲೆಕ್ಕದ_ಮೇಷ್ಟ್ರು:
ಒಳ್ಳೆಯದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಾನು ಇವಿ ವಿರೋಧಿ ಅಂದುಕೊಳ್ಳುತ್ತೀರಿ. ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಾಟ್ ಇಳಿಯುವಾಗ ಬ್ರೇಕ್ ತುಳಿಯುವ ಕೆಲಸ ತುಂಬಾ ಕಮ್ಮಿ, ಆಕ್ಸಿಲರೇಟರ್ ಬಿಟ್ಟರೆ ಮೋಟಾರೇ ಗಾಡಿ ಹಿಡಿಯುತ್ತದೆ, ಬ್ಯಾಟರಿಗೂ ಒಂದಿಷ್ಟು ವಾಪಸ್ ತುಂಬುತ್ತದೆ. ಮೋಟಾರಿನ ಶಕ್ತಿ 384 ಪಿಎಸ್, 0ಯಿಂದ 100 ಕಿ.ಮೀ. ವೇಗಕ್ಕೆ 5.3 ಸೆಕೆಂಡ್. ಅಮ್ಮ ಹಿಂದೆ ಇದ್ದಾಗ ಅದು ಬೇಡ. ಮತ್ತೆ ಕರೆಂಟ್ ಹೋದಾಗ ಗಾಡಿಯಿಂದಲೇ ವೈರ್ ಎಳೆದು ಮನೆಯ ಫ್ರಿಜ್, ಲೈಟು ನಡೆಸಬಹುದು. ನಿಮ್ಮೂರಿಗೆ ಇದಕ್ಕಿಂತ ಬೇಕಾದದ್ದು ಇಲ್ಲ, ವಾಪಸ್ ಬರಲು ಚಾರ್ಜ್ ಉಳಿಸಿಕೊಂಡರೆ ಸಾಕು.

ಅಡಿಕೆತೋಟ:
ಈಗಷ್ಟೇ ಟೇಪ್ ಹಿಡಿದು ಕೆಳಗೆ ಹೋಗಿ ಬಂದೆ. ಸ್ಲಾಟ್ 16 ಅಡಿ ಉದ್ದ, 8 ಅಡಿ ಅಗಲ, ಒಂದು ಕಡೆ ಕಂಬ. ಗಾಡಿ ಹೆಚ್ಚುಕಮ್ಮಿ ಅರ್ಧ ಅಡಿ ಹೊರಗೆ ಚಾಚುತ್ತದೆ, ಬಾಗಿಲು ತೆಗೆಯಲು ಎರಡೂ ಕಡೆ ಸೇರಿ ಒಂದೂವರೆ ಅಡಿ. ನಾನು ಕಿಟಕಿಯಿಂದ ಇಳಿಯಬೇಕು.

ಪಕ್ಕದ ಸ್ಲಾಟಿನವರು ಬಾಡಿಗೆಗೆ ಕೊಡುತ್ತಾರಾ ಅಂತ ಕೇಳುತ್ತೇನೆ. ಶನಿವಾರ ಟೆಸ್ಟ್ ಡ್ರೈವ್ ಇದೆ, ಅಪ್ಪನನ್ನೂ ಕರೆದುಕೊಂಡು ಹೋಗುತ್ತೇನೆ. ಇನೋವಾದಲ್ಲಿ ಹಾಕುವ ಚೀಲಗಳನ್ನೆಲ್ಲ ತುಂಬಿಸಿಕೊಂಡೇ ಹೋಗಿ ಶೋರೂಮಿನವರ ಮುಂದೆ ಡಿಕ್ಕಿಗೆ ಹಾಕಿ ನೋಡೋಣ ಅಂತಿದ್ದಾಳೆ ಹೆಂಡತಿ. ಇನೋವಾ ಸದ್ಯಕ್ಕೆ ಮಾರುವುದಿಲ್ಲ.