ಸಹಾಯ ಬೇಕು: ಬ್ರಗಾಂಜಾ ಘಾಟಿಯ ಮೀಟರ್ ಗೇಜ್ ರೈಲುಗಳ ಬ್ರೇಕ್ ವಾಸನೆಯ ಬಗ್ಗೆ

ಎಲ್ಲರಿಗೂ ನಮಸ್ಕಾರ. ಲೋಂಡಾದಿಂದ ಬ್ರಗಾಂಜಾ ಘಾಟಿ ಇಳಿದು ಗೋವಾದ ವಾಸ್ಕೋವರೆಗಿನ ಹಳೆಯ ಮೀಟರ್ ಗೇಜ್ (ಹಳಿಗಳ ನಡುವೆ ಒಂದು ಮೀಟರ್ ಅಂತರದ) ರೈಲು ಪ್ರಯಾಣದ ನೆನಪುಗಳನ್ನು ಮನೆಯ ಮಕ್ಕಳಿಗಾಗಿ ಬರೆದಿಡುತ್ತಿದ್ದೇನೆ. ಅದರಲ್ಲಿ ಒಂದು ವಿಷಯಕ್ಕೆ ಅನುಭವಸ್ಥರ ನೆರವು ಬೇಕಾಗಿದೆ.

ಕ್ಯಾಸಲ್ ರಾಕ್ ದಾಟಿ ಕುಳೆಂ ಕಡೆಗೆ, 37 ಅಡಿಗೆ ಒಂದಡಿ ಇಳಿಯುವ ಆ ಕಡಿದಾದ ಹಾದಿಯಲ್ಲಿ, ಬ್ರೇಕ್ ಗಟ್ಟಿಗಳು ಚಕ್ರವನ್ನು ಬಿಡದೆ ಉಜ್ಜುತ್ತಿದ್ದಂತೆ ಕಾದ ಕಬ್ಬಿಣದ ಘಾಟು ಕಿಟಕಿಯ ಸರಳುಗಳ ನಡುವಿನಿಂದ ಒಳನುಗ್ಗಿ, ಸುರಂಗದೊಳಗಂತೂ ಬೋಗಿಯ ತುಂಬ ನಿಂತುಬಿಡುತ್ತಿತ್ತು. ಕಿಟಕಿಯ ಕಟ್ಟೆಯ ಮೇಲೆ ಬೆರಳಾಡಿಸಿದರೆ ಕಂದು ಬಣ್ಣದ ನುಣ್ಣನೆಯ ಪುಡಿ ಅಂಟುತ್ತಿತ್ತು. ದೂಧ್‌ಸಾಗರದ ತುಂತುರಿನೊಂದಿಗೆ ಬೆರೆತ ಆ ವಾಸನೆ ನನಗೆ ಇಂದಿಗೂ ಪ್ರಿಯವಾದುದು. ಚಕ್ರದ ಬದಲು ಅಚ್ಚಿನ ತಟ್ಟೆಯನ್ನು ಹಿಡಿಯುವ ಡಿಸ್ಕ್ ಬ್ರೇಕ್ ಇರುವ, ಎಲ್‌ಎಚ್‌ಬಿ ಎಂಬ ಹೊಸ ಮಾದರಿಯ ರೈಲಿನ ಮುಚ್ಚಿದ ಎಸಿ ಬೋಗಿಯಲ್ಲಿ ಕುಳಿತವರಿಗೆ ಅದು ಸಿಗುವುದಿಲ್ಲ.

ಎರಕದ ಕಬ್ಬಿಣದ ಗಟ್ಟಿಗಳ ವಾಸನೆಯೇ ಬೇರೆ, ರಾಳ ಸೇರಿಸಿ ತಯಾರಿಸುವ ಕಾಂಪೋಸಿಟ್ ಗಟ್ಟಿಗಳದ್ದೇ ಬೇರೆ. ಆದ್ದರಿಂದ ಆ ಮಾರ್ಗದ ಮೀಟರ್ ಗೇಜ್ ಬೋಗಿಗಳಲ್ಲಿ ಕೊನೆಯವರೆಗೂ ಎರಕದ ಗಟ್ಟಿಗಳೇ ಇದ್ದವೇ ಎಂಬುದನ್ನು, ಹಾಗೆಯೇ ಇಳಿಜಾರಿಗೆ ಮುನ್ನ ಕ್ಯಾಸಲ್ ರಾಕ್‌ನಲ್ಲಿ ವ್ಯಾಕ್ಯೂಮ್ (ನಿರ್ವಾತದಿಂದ ಕೆಲಸ ಮಾಡುವ) ಬ್ರೇಕನ್ನು ಹೇಗೆ ಪರೀಕ್ಷಿಸುತ್ತಿದ್ದರು ಎಂಬುದನ್ನು, ಅಲ್ಲಿ ದುಡಿದ ನಿವೃತ್ತ ಗಾರ್ಡ್, ಚಾಲಕ ಅಥವಾ ಬೋಗಿ ದುರಸ್ತಿ ಸಿಬ್ಬಂದಿ ದಯವಿಟ್ಟು ತಿಳಿಸಬೇಕು. ಸವೆದ ಗಟ್ಟಿಯ ಫೋಟೋ ಯಾರಲ್ಲಾದರೂ ಇದ್ದರೆ ಹಂಚಿಕೊಳ್ಳಿ. ಬರೆಯುವುದು ಕಷ್ಟವೆನಿಸುವ ಹಿರಿಯರು ಧ್ವನಿಮುದ್ರಿಸಿ ಕಳುಹಿಸಿದರೂ ಸಾಕು, ಅಕ್ಷರಕ್ಕಿಳಿಸುವ ಕೆಲಸ ನನ್ನದು.