ಪಾರ್ಟಿಯವ್ರು ಬಿಲ್ ಪಾಸ್ ಮಾಡ್ಸೋಕೆ ಫೋನ್ ಮಾಡಿ, ಟೆಕ್ಸಸ್ ರಾಜಧಾನಿ ಆಸ್ಟಿನ್‌ಗೆ ಬನ್ನಿ ಅಂತಾರೆ, ಇದ್ರಿಂದ ಏನಾದ್ರೂ ಆಗುತ್ತಾ?

ಫ್ರಿಸ್ಕೋಹುಡ್ಗ:

ಎಲ್ರಿಗೂ ನಮಸ್ಕಾರ. ಟೆಕ್ಸಸ್‌ನಲ್ಲಿರೋ ನಮ್ಮವ್ರು ಯಾರಾದ್ರೂ ಇದ್ರೆ ಸ್ವಲ್ಪ ಬಿಡಿಸಿ ಹೇಳಿ. ಸಿಟಿಜನ್‌ಶಿಪ್ ಬಂದ ಮೇಲೆ ಇಲ್ಲಿನ ರಾಜಕೀಯ ಹೇಗಿದೆ ನೋಡೋಣ ಅಂತ ನಮ್ಮ ಕೌಂಟಿಯ ರಿಪಬ್ಲಿಕನ್ ಮೀಟಿಂಗ್‌ಗೆ ಹೋಗೋಕೆ ಶುರು ಮಾಡ್ದೆ, ಪಾರ್ಟಿ ಮೇಲೆ ಅಂಥ ಭಕ್ತಿ ಏನೂ ಇಲ್ಲ, ಪಕ್ಕದ ಮನೆ ಅಂಕಲ್ ಪ್ರಿಸಿಂಕ್ಟ್ ಚೇರ್ (ನಮ್ಮ ಏರಿಯಾದ ಪಾರ್ಟಿ ಮುಖಂಡ), ಅವ್ರು ಕರ್ಕೊಂಡು ಹೋದ್ರು ಅಷ್ಟೆ. ಅಲ್ಲಿ ಒಂದು ಶೀಟ್ ಕೊಟ್ರು, ಎರಡು ವರ್ಷಕ್ಕೊಂದ್ಸಲ ನಡೆಯೋ ಪಾರ್ಟಿ ಕನ್ವೆನ್ಷನ್‌ನಲ್ಲಿ ಡೆಲಿಗೇಟ್‌ಗಳು ವೋಟ್ ಹಾಕಿ ಆರಿಸಿರೋ ಲೆಜಿಸ್ಲೇಟಿವ್ ಪ್ರಯಾರಿಟಿಗಳಂತೆ. ಆಮೇಲಿಂದ ಈಮೇಲ್ ಮೇಲೆ ಈಮೇಲ್, ನಿಮ್ಮ ರೆಪ್‌ಗೆ (ಕ್ಷೇತ್ರದ ಶಾಸಕರಿಗೆ) ಕಾಲ್ ಮಾಡಿ, ಬಸ್ ಹೊರಡ್ತಿದೆ ಆಸ್ಟಿನ್‌ಗೆ ಬನ್ನಿ ಅಂತ.

ನನಗೆ ತಲೆಗೆ ಹೋಗದೇ ಇರೋದು ಇಷ್ಟೇ. 2025ರ ಸೆಷನ್‌ನಲ್ಲಿ ಇಲ್ಲಿನ ಕೆಳಮನೆ ಹೌಸ್‌ನ 150ರಲ್ಲಿ 88 ಇವ್ರದ್ದೇ, ಮೇಲ್ಮನೆ ಸೆನೆಟ್‌ನ 31ರಲ್ಲಿ 20 ಇವ್ರದ್ದೇ, ಗವರ್ನರ್ ಕೂಡ ಇವ್ರವ್ರೇ. ಹಂಗಿದ್ಮೇಲೆ ತಮ್ಮ ಪಾರ್ಟಿ ಶಾಸಕರ ಹಿಂದೆಯೇ ಹಿಂಗೆ ಓಡಾಡ್ಬೇಕಾ? ನಮ್ಮೂರಲ್ಲಿ ವಿಪ್ ಕೊಟ್ರೆ ಮುಗೀತು, ಎಲ್ರೂ ಕೈ ಎತ್ತಲೇಬೇಕು. ನಾನು ಫೋನ್ ಮಾಡಿದ್ರೆ ಯಾರು ಕೇಳ್ತಾರೆ?

ಹಳೇಡೆಲಿಗೇಟ್:

ಒಳ್ಳೆ ಪ್ರಶ್ನೆ ಗುರು. ನೀನು ಹೇಳಿದ ವಿಪ್ ಇದ್ಯಲ್ಲ, ವ್ಯತ್ಯಾಸ ಇರೋದೇ ಅಲ್ಲಿ. ಭಾರತದಲ್ಲಿ 1985ರಿಂದ ಪಕ್ಷಾಂತರ ನಿಷೇಧ ಕಾಯ್ದೆ ಇದೆ, ವಿಪ್ ಮೀರಿದ್ರೆ ಸೀಟಿಗೇ ಕುತ್ತು. ಇಲ್ಲಿ ಅಂಥದ್ದೇನೂ ಇಲ್ಲ. ಪಾರ್ಟಿ ಟಿಕೆಟ್ ಅನ್ನೋದೂ ಇಲ್ಲ ಕಣಯ್ಯ, ಪ್ರೈಮರಿ ಅಂತ ಪಾರ್ಟಿಯೊಳಗಿನ ಚುನಾವಣೆ ಇರುತ್ತೆ, ಅಭ್ಯರ್ಥಿನ ಅಲ್ಲಿ ಜನಾನೇ ವೋಟ್ ಹಾಕಿ ಆರಿಸ್ತಾರೆ, ಹಂಗಾಗಿ ಪಾರ್ಟಿ ಅಧ್ಯಕ್ಷರು ಹೇಳಿದ್ದನ್ನ ಶಾಸಕ ಕೇಳ್ಲೇಬೇಕು ಅಂತಿಲ್ಲ. ಅದಕ್ಕೇ ಕಾರ್ಯಕರ್ತರು ಬೆನ್ನು ಹತ್ತೋದು.

ಇನ್ನೊಂದು ವಿಷ್ಯ, ಇದನ್ನ ಮೀಟಿಂಗ್‌ನಲ್ಲಿ ಸರಿಯಾಗಿ ಹೇಳ್ಕೊಡಲ್ಲ. ಇಲ್ಲಿ ಬಿಲ್‌ಗಳು ವೋಟಿಗೆ ಬಂದು ಸೋಲೋದು ಕಮ್ಮಿ, ವೋಟಿಗೇ ಬರದೆ ಸಾಯೋದು ಜಾಸ್ತಿ. ಸೆಷನ್ ಎರಡು ವರ್ಷಕ್ಕೊಂದ್ಸಲ, ಅದೂ 140 ದಿನ. ಮೊದಲ 60 ದಿನ ಗವರ್ನರ್ ಎಮರ್ಜೆನ್ಸಿ ಅಂತ ಹೇಳಿದ ವಿಷ್ಯ ಬಿಟ್ರೆ ಬೇರೆ ಬಿಲ್‌ಗಳು ಸಾಮಾನ್ಯವಾಗಿ ಫ್ಲೋರ್‌ಗೆ, ಅಂದ್ರೆ ಪೂರ್ತಿ ಸದನದ ಮುಂದೆ, ಬರಲ್ಲ. ಆಮೇಲೆ ಕಮಿಟಿ, ಅದು ದಾಟಿದ್ರೆ ಕ್ಯಾಲೆಂಡರ್ಸ್ ಕಮಿಟಿ, ಯಾವ ಬಿಲ್ ಯಾವತ್ತು ಫ್ಲೋರ್‌ಗೆ ಅಂತ ಅಲ್ಲೇ ತೀರ್ಮಾನ. 2025ರಲ್ಲಿ ಮೇ 15ರ ಮಧ್ಯರಾತ್ರಿ ಒಳಗೆ ಹೌಸ್ ಬಿಲ್‌ಗಳಿಗೆ ಸೆಕೆಂಡ್ ರೀಡಿಂಗ್ (ಫ್ಲೋರ್‌ನಲ್ಲಿ ಚರ್ಚೆ, ಮೊದಲ ವೋಟು) ಆಗ್ಬೇಕಿತ್ತು, ಆಗ್ಲಿಲ್ವಾ, ಕತೆ ಮುಗೀತು. ಯಾರೂ ‘ಬೇಡ’ ಅಂತ ವೋಟ್ ಹಾಕೋದೇ ಬೇಡ, ಗಡಿಯಾರ ನೋಡ್ಕೊಂಡು ಕೂತ್ರೆ ಸಾಕು. ಸ್ಥಳೀಯ ಸಂಸ್ಥೆಗಳು ತೆರಿಗೆ ದುಡ್ಡಲ್ಲಿ ಲಾಬಿಯಿಸ್ಟ್‌ನ (ಶಾಸಕರ ಮನವೊಲಿಸೋ ಸಂಬಳದ ಏಜೆಂಟ್) ಇಟ್ಕೊಳ್ಳೋದನ್ನ ನಿಲ್ಲಿಸ್ಬೇಕು ಅನ್ನೋದು ಪ್ರಯಾರಿಟಿ ಪಟ್ಟಿಯಲ್ಲಿ ಎಷ್ಟೋ ವರ್ಷದಿಂದ ಇದೆ, 2025ರಲ್ಲಿ ಸೆನೆಟ್ ಪಾಸ್ ಮಾಡ್ತು (ಸೆನೆಟ್ ಬಿಲ್ 19), ಹೌಸ್‌ನಲ್ಲಿ ಹಂಗೇ ಮಲ್ಕೊಂಡ್ತು.

ಅದಕ್ಕೇ ಹೇಳೋದು, ಫೋನ್ ಮಾಡಿ ‘ಈ ಬಿಲ್‌ಗೆ ನಿಮ್ಮ ಬೆಂಬಲ ಇದ್ಯಾ’ ಅಂತ ಕೇಳ್ಬೇಡ. ‘ಖಂಡಿತ ಇದೆ’ ಅಂತಾನೇ ಅಂತಾರೆ, ಬೆಂಬಲಕ್ಕೇನು ದುಡ್ಡು ಕೊಡ್ಬೇಕಾ? ‘ಕಮಿಟಿ ಚೇರ್ ಹತ್ರ ಹಿಯರಿಂಗ್ ಕೇಳಿದ್ರಾ? ಕ್ಯಾಲೆಂಡರ್ಸ್‌ನಲ್ಲಿ ಯಾರ ಹತ್ರ ಮಾತಾಡಿದ್ರಿ? ಯಾವತ್ತು?’ ಅಂತ ಕೇಳು. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇರಲ್ಲ ನೋಡು.

ಆಸ್ಟಿನ್‌ಅಕ್ಕ:

ನಾನು ಯಾವ ಪಾರ್ಟಿಯವ್ಳೂ ಅಲ್ಲಪ್ಪ, ಸ್ಕೂಲಿಗೆ ಸಂಬಂಧಪಟ್ಟ ಬಿಲ್‌ಗಳಿಗೆ ಸಾಕ್ಷಿ ಹೇಳೋಕೆ ಕ್ಯಾಪಿಟಲ್‌ಗೆ (ಶಾಸನಸಭೆ ಕಟ್ಟಡಕ್ಕೆ) ಹೋಗ್ತಿರ್ತೀನಿ, ಹಂಗಾಗಿ ಒಳಗಿನ ನಡವಳಿಕೆ ಗೊತ್ತು. ಹಿಯರಿಂಗ್‌ಗಳು ಹೆಚ್ಚಾಗಿ ನೆಲದಡಿಯ ಎಕ್ಸ್‌ಟೆನ್ಷನ್‌ನಲ್ಲಿ. ಅಲ್ಲಿ ಟ್ಯಾಬ್ಲೆಟ್ ಇಟ್ಟಿರ್ತಾರೆ, ಹೆಸರು ಹಾಕಿ, ಬಿಲ್ ನಂಬರ್ ಹಾಕಿ, ಪರ, ವಿರೋಧ, ಇಲ್ಲಾ ‘ಬಿಲ್ ಬಗ್ಗೆ’ ಅಂತ ಮೂರ್ರಲ್ಲಿ ಒಂದು ಒತ್ತೋದು. ಮಾತಾಡ್ಲೇಬೇಕು ಅಂತಿಲ್ಲ, ಬರೀ ಹೆಸರು ದಾಖಲಿಸಿ ಬಂದ್ರೂ ನಡೆಯುತ್ತೆ. ಹೌಸ್ ಕಮಿಟಿಯಾದ್ರೆ ಮನೆಯಿಂದಲೇ ಆನ್‌ಲೈನ್‌ನಲ್ಲಿ ಲಿಖಿತ ಕಾಮೆಂಟ್ ಹಾಕೋಕೂ ಆಗುತ್ತೆ.

ಸಮಸ್ಯೆ ಏನಂದ್ರೆ ಟೈಮು. ನೋಟಿಸ್‌ನಲ್ಲಿ ಬೆಳಿಗ್ಗೆ ಎಂಟು ಅಂತಿರುತ್ತೆ, ನಡುವೆ ಹೌಸ್ ಸೇರುತ್ತೆ ಅಂತ ಎದ್ದು ಹೋಗ್ತಾರೆ, ಫ್ಲೋರ್ ಮುಗಿದ ಮೇಲೆ ಮತ್ತೆ ಶುರು, ಅದು ಮಧ್ಯಾಹ್ನವೋ ರಾತ್ರಿಯೋ ಯಾರಿಗೂ ಗೊತ್ತಿಲ್ಲ. ಒಂದ್ಸಲ ರಾತ್ರಿ ಹನ್ನೊಂದು ದಾಟಿತ್ತು, ಚೇರ್ ಒಂದೊಂದೇ ಹೆಸರು ಕರೀತಾ ಹೋದ್ರು, ಅರ್ಧಕ್ಕರ್ಧ ಜನ ಎದ್ದು ಹೋಗಿದ್ರು, ಬಸ್ಸಲ್ಲಿ ಬಂದವ್ರಂತೂ ಬಸ್ ಹೊರಡುತ್ತೆ ಅಂತ ಸಂಜೆನೇ ಹೊರಟಿದ್ರು. ಉಳಿದಿದ್ದ ಒಬ್ಬ ವಯಸ್ಸಾದ ಹೆಂಗಸು ಪಾರ್ಟಿ ಸ್ಟಿಕ್ಕರ್ ಅಂಟಿಸ್ಕೊಂಡಿದ್ರು, ಕೈಯಲ್ಲಿ ಬರ್ಕೊಂಡು ಬಂದಿದ್ದ ಹಾಳೆ ಬೆವರಿಗೆ ಮುದುಡಿಹೋಗಿತ್ತು. ಅದನ್ನ ನೋಡ್ದೇನೇ ತಮ್ಮ ಊರಿನ ವಾಟರ್ ಡಿಸ್ಟ್ರಿಕ್ಟ್ ಲಾಬಿಯಿಸ್ಟ್‌ಗೆ ಎಷ್ಟು ಕೊಡ್ತಿದೆ ಅಂತ ಹೇಳಿದ್ರು. ಅಲ್ಲಿವರೆಗೂ ಫೋನ್ ನೋಡ್ತಿದ್ದ ಮೆಂಬರ್ ತಲೆ ಎತ್ತಿ, ಆ ಕಾಂಟ್ರ್ಯಾಕ್ಟ್ ಕಾಪಿ ಇದ್ಯಾ ಅಂತ ಕೇಳಿದ್ರು. ಇತ್ತು! ಆ ದಿನ ‘ನಮ್ಮ ಪ್ರಯಾರಿಟಿ ಪಾಸ್ ಮಾಡಿ’ ಅಂತ ಒಂದೇ ವಾಕ್ಯ ಓದಿ ಹೋದವ್ರನ್ನ ಯಾರೂ ಒಂದು ಪ್ರಶ್ನೆ ಕೇಳಿರ್ಲಿಲ್ಲ.

ಫಾರ್ಮ್ ಈಮೇಲ್‌ಗೂ ಅದೇ ಪಾಡು. ಆಫೀಸ್‌ನಲ್ಲಿರೋ ಹುಡುಗ್ರು ಸಬ್ಜೆಕ್ಟ್ ನೋಡಿ ಪರ ಇಷ್ಟು ವಿರೋಧ ಇಷ್ಟು ಅಂತ ಎಣಿಸಿ ಪಕ್ಕಕ್ಕಿಡ್ತಾರೆ. ಫೋನ್ ಮಾಡಿದ್ರೆ ಮೊದಲು ಕೇಳೋದು ವಿಳಾಸ, ಆ ಕ್ಷೇತ್ರದವ್ರಲ್ಲ ಅಂದ್ರೆ ಅಲ್ಲಿಗೆ ಮಾತು ಮುಗೀತು. ಇಲ್ಲಿ ಶಾಸಕರ ಸಂಬಳ ವರ್ಷಕ್ಕೆ 7,200 ಡಾಲರ್, ಹೆಚ್ಚಿನವ್ರಿಗೆ ಊರಲ್ಲಿ ಬೇರೆ ಕೆಲಸ ಇರುತ್ತೆ, ಬಿಲ್ ಪೂರ್ತಿ ಓದೋದು ಸ್ಟಾಫೇ. ಅವ್ರ ಪರಿಚಯ ಮಾಡ್ಕೊಳಿ.

ನೀಲಿಅಂಗಿ:

ಅಕ್ಕ ಹೇಳಿದ್ದೆಲ್ಲ ಸರಿ, ಆದ್ರೆ ನಾನು ಡೆಮಾಕ್ರಟ್, ಎದುರು ಬೆಂಚಿಂದ ನೋಡಿದ್ರೆ ಬೇರೆ ಥರ ಕಾಣುತ್ತೆ. ಫೋನು ಬಸ್ಸು ಎಲ್ಲಾ ಮೆರವಣಿಗೆ ಸ್ವಾಮಿ, ಕೆಲಸ ಮಾಡೋದು ಪ್ರೈಮರಿ ಭಯ, ಅದರ ಹಿಂದಿರೋ ದುಡ್ಡು. ಸ್ಕೂಲ್ ವೌಚರ್, ಅಂದ್ರೆ ಖಾಸಗಿ ಶಾಲೆ ಫೀಸಿಗೆ ಸರ್ಕಾರಿ ದುಡ್ಡು, ಆ ವಿಷ್ಯಾನೇ ತಗೊಳಿ. 2023ರ ನವೆಂಬರ್‌ನಲ್ಲಿ 21 ರಿಪಬ್ಲಿಕನ್ನರು ನಮ್ಮವ್ರ ಜೊತೆ ಸೇರಿ ಅದನ್ನ ಬಿಲ್‌ನಿಂದ ಕಿತ್ತು ಹಾಕಿದ್ರು. 2024ರ ಪ್ರೈಮರಿಯಲ್ಲಿ ಆ ರಿಪಬ್ಲಿಕನ್ನರ ವಿರುದ್ಧ ಗವರ್ನರ್ ಅಬಾಟ್ ತಾವೇ ನಿಂತು ಪ್ರಚಾರ ಮಾಡಿದ್ರು, ದುಡ್ಡು ಹೊಳೆಯಾಗಿ ಹರೀತು, ಸುಮಾರು ಜನ ಮನೆಗೆ ಹೋದ್ರು. 2025ರ ಏಪ್ರಿಲ್‌ನಲ್ಲಿ ಅದೇ ವಿಷ್ಯ ಹೌಸ್‌ನಲ್ಲಿ 86–61ರಲ್ಲಿ ಪಾಸು, ವಿರೋಧಿಸಿದ ರಿಪಬ್ಲಿಕನ್ನರು ಇಬ್ರೇ. ಮಾರ್ಚ್ 2024ರ ಪ್ರೈಮರಿಗೆ ಎರಡೂ ಪಾರ್ಟಿ ಸೇರಿ ನೋಂದಾಯಿತ ಮತದಾರರಲ್ಲಿ ಐದಕ್ಕೊಬ್ರೂ ಬಂದಿರ್ಲಿಲ್ಲ, ಅಷ್ಟು ಕಮ್ಮಿ ಜನರ ಕೈಯಲ್ಲಿ ಸೀಟು ಇದ್ರೆ ಯಾರಿಗೆ ಹೆದರ್ತಾರೆ ನೀವೇ ಹೇಳಿ.

ಹಾಗಂತ ಪಾರ್ಟಿ ಮನಸ್ಸು ಮಾಡಿದ್ದೆಲ್ಲ ಆಗುತ್ತೆ ಅಂತಾನೂ ಅಲ್ಲ. ಸ್ಪೀಕರ್ ಆಗಿದ್ದ ಡೇಡ್ ಫೀಲನ್‌ಗೆ 2024ರ ಫೆಬ್ರವರಿಯಲ್ಲಿ ಅವ್ರ ಪಾರ್ಟಿಯೇ ಛೀಮಾರಿ ನಿರ್ಣಯ ಪಾಸ್ ಮಾಡ್ತು, ಆದ್ರೂ ಮೇ ರನ್‌ಆಫ್‌ನಲ್ಲಿ (ಪ್ರೈಮರಿಯ ಎರಡನೇ ಸುತ್ತು) 400ಕ್ಕಿಂತ ಕಮ್ಮಿ ವೋಟಲ್ಲಿ ಗೆದ್ರು, ಆಮೇಲೆ ಸ್ಪೀಕರ್ ರೇಸ್‌ನಿಂದ ಹಿಂದೆ ಸರಿದ್ರು. ಅವ್ರ ಜಾಗಕ್ಕೆ ಪಾರ್ಟಿ ಹೇಳಿದ್ದು ಡೇವಿಡ್ ಕುಕ್ ಹೆಸರು, ಗೆದ್ದಿದ್ದು ಡಸ್ಟಿನ್ ಬರೋಸ್, 85–55, ಅದ್ರಲ್ಲಿ 49 ವೋಟು ನಮ್ಮವ್ರದ್ದು.

ಹಳೇಡೆಲಿಗೇಟ್:

@ನೀಲಿಅಂಗಿ ದುಡ್ಡಿನ ವಿಷ್ಯ ಒಪ್ದೆ, ವೌಚರ್‌ಗೆ ಅದು ನಿಜ. ಆದ್ರೆ ಸ್ಪೀಕರ್ ಕತೆಯಲ್ಲಿ ಅರ್ಧ ಬಿಟ್ರಿ. ಡೆಮಾಕ್ರಟ್‌ಗಳಿಗೆ ಕಮಿಟಿ ಚೇರ್ ಕೊಡ್ಬೇಡಿ ಅನ್ನೋದು ನಮ್ಮ ಪಟ್ಟಿಯಲ್ಲಿದ್ದ ಹಳೇ ಬೇಡಿಕೆ, ವರ್ಷಗಟ್ಟಲೆ ನಗಾಡ್ತಿದ್ರು, ಬರೋಸ್ ಗೆದ್ದ ಮೇಲೆ 2025ರ ಜನವರಿ ರೂಲ್ಸ್‌ನಲ್ಲಿ ಬಂತಾ ಇಲ್ವಾ? ವೈಸ್ ಚೇರ್ ಎಲ್ಲಾ ನಿಮ್ಮವ್ರಿಗೇ ಹೋಯ್ತು, ಆ ನೋವು ನಮ್ಮ ಮೀಟಿಂಗ್‌ಗಳಲ್ಲಿ ಇನ್ನೂ ಕೇಳುತ್ತೆ ಬಿಡಿ.

ಬಂದೂಕಿನ ವಿಷ್ಯ ನೋಡಿ. ಲೈಸೆನ್ಸ್ ಇಲ್ದೆ ಇಟ್ಕೊಂಡು ಓಡಾಡೋಕೆ ಬಿಡಿ ಅಂತ ಸೆಷನ್ ಮೇಲೆ ಸೆಷನ್ ಕೇಳ್ತಾನೇ ಬಂದ್ರು, 2015ರಲ್ಲಿ ಲೈಸೆನ್ಸ್ ಇದ್ದವ್ರಿಗೆ ಓಪನ್ ಕ್ಯಾರಿ (ಎಲ್ರಿಗೂ ಕಾಣೋ ಹಾಗೆ ಇಟ್ಕೊಳ್ಳೋದು) ಸಿಕ್ತು, ಅಲ್ಲಿಗೇ ನಿಲ್ಲಿಸ್ಲಿಲ್ಲ. 2021ರಲ್ಲಿ ಸೆನೆಟ್‌ನಲ್ಲಿ ಸಾಕಷ್ಟು ವೋಟಿಲ್ಲ ಅಂತ ಲೆಫ್ಟಿನೆಂಟ್ ಗವರ್ನರ್ ಡ್ಯಾನ್ ಪ್ಯಾಟ್ರಿಕ್ ಅವ್ರೇ ಹೇಳಿದ್ರು, ಆಮೇಲೆ ಫೋನ್‌ಗಳ ಮಳೆ, ಮೇ ತಿಂಗಳಲ್ಲಿ 18–13ಕ್ಕೆ ಪಾಸು, ಸೆಪ್ಟೆಂಬರ್ 1ಕ್ಕೆ ಜಾರಿ. ಆ ಕಾನೂನು ಒಳ್ಳೇದಾ ಕೆಟ್ಟದ್ದಾ ಬೇರೆ ಥ್ರೆಡ್‌ನಲ್ಲಿ ಜಗಳ ಆಡೋಣ.

ನೀಲಿಅಂಗಿ:

ಆಡೋಣ ಆಡೋಣ 😄 ಆದ್ರೆ ಆ ವರ್ಷ ಪೊಲೀಸ್ ಸಂಘಗಳಿಂದ ವಿರೋಧದ ಫೋನೂ ಸುಮಾರು ಹೋಗಿತ್ತು. ಯಾರ ಫೋನ್ ಲೆಕ್ಕಕ್ಕೆ ಬಂತು ಅನ್ನೋದೇ ನನ್ನ ಪ್ರಶ್ನೆ, ಪ್ರೈಮರಿಯಲ್ಲಿ ವೋಟ್ ಹಾಕೋರದ್ದು.

ಫ್ರಿಸ್ಕೋಹುಡ್ಗ:

ಥ್ಯಾಂಕ್ಸ್ ಎಲ್ರಿಗೂ, ಇಷ್ಟು ಬಿಡಿಸಿ ಆ ಮೀಟಿಂಗ್‌ನಲ್ಲಿ ಯಾರೂ ಹೇಳ್ಲಿಲ್ಲ. ಎರಡು ಪ್ರಶ್ನೆ ಉಳೀತು. ನನ್ನ ಹೆಂಡ್ತಿ ಇನ್ನೂ ಗ್ರೀನ್ ಕಾರ್ಡ್, ಅವಳು ಫೋನ್ ಮಾಡ್ಬಹುದಾ? ಆಮೇಲೆ ಪ್ರೈಮರಿಯಲ್ಲಿ ವೋಟ್ ಹಾಕೋಕೆ ಪಾರ್ಟಿ ಮೆಂಬರ್ ಆಗ್ಬೇಕಾ?

ಆಸ್ಟಿನ್‌ಅಕ್ಕ:

ಧಾರಾಳವಾಗಿ ಮಾಡ್ಬಹುದು, ಆ ಕ್ಷೇತ್ರದಲ್ಲಿ ವಾಸ ಇದ್ರೆ ಸಾಕು, ಹಿಯರಿಂಗ್‌ನಲ್ಲಿ ಮಾತಾಡೋಕೂ ಯಾರೂ ಪಾಸ್‌ಪೋರ್ಟ್ ಕೇಳಲ್ಲ. ವೋಟ್ ಮಾತ್ರ ಸಿಟಿಜನ್ ಆದ ಮೇಲೇನೇ, ವೋಟರ್ ರಿಜಿಸ್ಟ್ರೇಷನ್ ಫಾರ್ಮ್ ಯಾರಾದ್ರೂ ಕೈಗೆ ಕೊಟ್ರೂ ಅವ್ರು ತುಂಬ್ಬಾರ್ದು, ಇದನ್ನ ಮರೀಬೇಡಿ. ಟೆಕ್ಸಸ್‌ನಲ್ಲಿ ಪಾರ್ಟಿ ಹೆಸರಲ್ಲಿ ನೋಂದಣಿ ಅನ್ನೋದೇ ಇಲ್ಲ, ಮಾರ್ಚ್‌ನಲ್ಲಿ ಬೂತಿಗೆ ಹೋದಾಗ ಯಾವ ಪಾರ್ಟಿ ಬ್ಯಾಲಟ್ ಅಂತ ಕೇಳ್ತಾರೆ, ಒಂದು ತಗೊಂಡ್ರೆ ರನ್‌ಆಫ್‌ಗೂ ಅದೇ ಪಾರ್ಟಿ, ಇನ್ನೊಂದಕ್ಕೆ ಹಾರೋಕಾಗಲ್ಲ.

ಮುಂದಿನ ರೆಗ್ಯುಲರ್ ಸೆಷನ್ 2027ರ ಜನವರಿಯಲ್ಲಿ. ಆಸ್ಟಿನ್‌ಗೆ ಬರೋದಾದ್ರೆ ಬಸ್ ಬೇಡ, ಕಾರಲ್ಲೇ ಬನ್ನಿ, ಆಗ ರಾತ್ರಿ ಎಷ್ಟೊತ್ತಾದ್ರೂ ಕೂರ್ಬಹುದು. ಕ್ಯಾಪಿಟಲ್ ವಿಸಿಟರ್ಸ್ ಗ್ಯಾರೇಜ್ ಸ್ಯಾನ್ ಹಸಿಂಟೊ ರಸ್ತೆ ಕಡೆ ಇದೆ, ಬೆಳಿಗ್ಗೆ ಬೇಗ ತುಂಬುತ್ತೆ. ಫೋನ್ ಚಾರ್ಜರ್ ಮರೀಬೇಡಿ.